ಸೈಮಿಯ ರಕ್ತ

ಹಿಲ್ಕಾ ಹನ್ನೊಂದು ವರ್ಷ ಹೆಣಗಿ ರೂಪಿಸಿದ ಪ್ರತಿಕಾಯದ ಔಷಧಿ ಕೊನೆಗೂ ರೋಗಿಗಳ ಮೈ ಸೇರಿತ್ತು. ಒಂದು ತುದಿಯಿಂದ ಅದು ಕ್ಯಾನ್ಸರ್ ಕೋಶಕ್ಕೆ ಅಂಟಿಕೊಳ್ಳುತ್ತಿತ್ತು. ಇನ್ನೊಂದು ತುದಿಯನ್ನು ರಕ್ತದಲ್ಲಿರುವ ಕೊಲ್ಲುವ ಕೋಶಗಳು ಹಿಡಿಯಬೇಕು. ಹಿಡಿತ ಸಿಕ್ಕರೆ ಅವು ಕೊಲ್ಲುತ್ತವೆ.

ಸೈಮಿಯ ರಕ್ತದಲ್ಲಿ ಅವು ಕೊಲ್ಲಲಿಲ್ಲ.

ಅರವತ್ತಮೂರರ ಸೈಮಿ ತುರ್ಕು ನಗರದ ಇದೇ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವಳು, ಹಿಲ್ಕಾಳಿಗೆ ಕೆಲಸ ಕಲಿಸಿದವಳು. ಈಗ ಆ ಔಷಧಿಯ ಪರೀಕ್ಷೆಗೆ ಒಪ್ಪಿಕೊಂಡ ರೋಗಿ. ಪ್ರತಿಕಾಯ ಬೆರೆಸಿದ ಆರೋಗ್ಯವಂತರ ರಕ್ತ ಗಾಜಿನ ತಟ್ಟೆಯಲ್ಲಿ ನಾಲ್ಕು ಗಂಟೆಗೆ ನೂರಕ್ಕೆ ಐವತ್ತೆಂಟು ಕ್ಯಾನ್ಸರ್ ಕೋಶಗಳನ್ನು ಕೊಂದರೆ ಅವಳದು ಕೊಂದದ್ದು ಆರು. ಪ್ರತಿಕಾಯ ಹಾಕದಿದ್ದರೂ ಅಷ್ಟೇ ಸಾಯುತ್ತಿದ್ದವು. ಹಿಲ್ಕಾ ಪ್ರಮಾಣವನ್ನು ಹತ್ತು ಪಟ್ಟು ಏರಿಸಿದಳು. ಏಳಾಯಿತು.

ರಕ್ತ ಕೊಟ್ಟ ಒಂಬತ್ತನೆಯ ದಿನ ಸೈಮಿಯೇ ಬಂದಳು.

"ಏನೇ, ನಾಲ್ಕು ಗಂಟೆ ಕೆಲಸಕ್ಕೆ ಒಂಬತ್ತು ದಿನಾನಾ?"

"ಇನ್ನೂ ಲೆಕ್ಕ ಹಾಕ್ತಾ ಇದೀನಿ."

"ನನ್ನ ಹತ್ರಾನೇ ಸುಳ್ಳಾ? ತೋರ್ಸು."

ಅಂಕಿ ಓದಿದವಳ ಮುಖ ಕುಸಿಯಲಿಲ್ಲ, ಅರಳಿತು. "ನೀನೇ ಏನೋ ಎಡವಟ್ಟು ಮಾಡಿದೀಯ. ರಕ್ತ ಥಂಡಿ ಹಿಡಿದಿರುತ್ತೆ. ಈಗ್ಲೇ ಕೊಡ್ತೀನಿ, ನನ್ನೆದುರಿಗೆ ಮಾಡು."

ತಪ್ಪು ತನ್ನದೇ ಆಗಿರಲಿ ಎಂದು ಹಿಲ್ಕಾಳೂ ಹಂಬಲಿಸಿದಳು. ಸೈಮಿ ಪಕ್ಕದ ಸ್ಟೂಲಿನ ಮೇಲೆ ಕೂತು ಹಿಲ್ಕಾ ಬಿಟ್ಟ ಒಂದೊಂದು ಹನಿಯನ್ನೂ ನೋಡಿದಳು. ನಾಲ್ಕು ಗಂಟೆ ಇಬ್ಬರೂ ಕಾದರು. ಸೈಮಿ ತಂದಿದ್ದ ರೈ ಧಾನ್ಯದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕೊಲ್ಲುವ ಕೋಶಗಳು ಕ್ಯಾನ್ಸರ್ ಕೋಶಗಳ ಮಗ್ಗುಲಲ್ಲೇ ಸುಮ್ಮನೆ ಬಿದ್ದಿದ್ದವು. ಎರಡು ವರ್ಷ ಅವಳು ತೆಗೆದುಕೊಂಡ ಹಿಂದಿನ ಔಷಧಿಗಳು ಅವುಗಳನ್ನು ಬಸವಳಿಸಿದ್ದವೋ, ಕಾಯಿಲೆಯೇ ಅವುಗಳ ಹಿಡಿತ ಕಳಚಿತ್ತೋ, ಹೇಳುವಂತಿರಲಿಲ್ಲ. ಅಂಕಿ ಬಂತು: ಐದು.

"ತಪ್ಪು ಸಿಗುತ್ತೇನೋ ಅಂತ ಕಣ್ಣು ನೆಟ್ಟು ಕೂತಿದ್ದೆ," ಎಂದಳು ಸೈಮಿ. "ಒಂದೂ ಸಿಗ್ಲಿಲ್ಲ ಕಣೇ. ನಿನ್ನ ಔಷಧಿ ಚೆನ್ನಾಗೇ ಇದೆ. ನಾನೇ ಲಾಯಕ್ಕಿಲ್ಲ."

"ಹಾಗನ್ಬೇಡ. ಬೇರೆ ದಾರಿ ಇದೆ..."

"ಯಾವ್ದು? ಹೇಳು."

ಹಿಲ್ಕಾ ಅಂಕಿಯ ಹಾಳೆಯನ್ನು ಮಗುಚಿಟ್ಟಳು.

ಸೈಮಿ ಕೋಟು ತೊಟ್ಟಳು. ಹಿಂದಿನ ಔಷಧಿಗಳಿಂದಾಗಿ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ, ಜಿಪ್ಪು ಸಿಕ್ಕಲಿಲ್ಲ. ಹಿಲ್ಕಾ ಮಂಡಿಯೂರಿ ಅದನ್ನು ಗಂಟಲವರೆಗೂ ಎಳೆದಳು. ಎದ್ದು ನಿಂತರೂ ಕೋಟಿನ ಅಂಚನ್ನು ಬಿಡಲಾಗಲಿಲ್ಲ. ಸೈಮಿಯೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಬಸ್ ಹೋಗ್ಬಿಡುತ್ತೆ" ಎಂದಳು.

ಮೇ ತಿಂಗಳಲ್ಲಿ ಸೈಮಿ ತೀರಿಕೊಂಡಳು. ಆ ಹೊತ್ತಿಗೆ ಪರೀಕ್ಷೆಗೆ ಒಳಗಾದ ಇಪ್ಪತ್ತು ಮಂದಿಯಲ್ಲಿ ಹನ್ನೊಂದು ಜನರ ಗಡ್ಡೆ ಕರಗತೊಡಗಿತ್ತು. ಪ್ರಯೋಗಾಲಯದವರು ಕೇಕು ಕತ್ತರಿಸಿದರು. ಹಿಲ್ಕಾ ತನ್ನ ಪಾಲನ್ನು ತಟ್ಟೆಯಲ್ಲಿ ಹಿಡಿದುಕೊಂಡೇ ಕಿಟಕಿಯ ಬಳಿ ನಿಂತಿದ್ದಳು.