ಪುಕ್ಕಟೆ ಭಾವನ ಮಹಡಿ

ಆ ದಿನ ಬೆಳಗಿನಿಂದ ಬ್ರೆಡ್ಡಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿಟ್ಟು ನಾದುವಾಗ ಹಾಡು, ಒಲೆಗೆ ತಟ್ಟೆ ತಳ್ಳುವಾಗ ಹಾಡು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಹಿಟ್ಟಿನ ಚೂರನ್ನು ಎರಡೆರಡು ಸಲ ಬಾಯಿಗಿಟ್ಟು ನೋಡಿದಳು. ಯಾಕಾಗಬಾರದು ಹೇಳಿ? ತಲೆಗೂದಲು ಕಪ್ಪಗಿದ್ದಾಗಿನಿಂದ ಕೂಲಿಗೆ ದುಡಿದ ಬೇಕರಿ ಸಂಜೆಯೊಳಗೆ ಅವಳದೇ ಆಗುವುದಿತ್ತು. ಯಜಮಾನನಿಗೆ ಮಂಡಿ ನೋವು, ಅಂಗಡಿ ಮಾರಿ ಮಗಳ ಮನೆಗೆ ಹೊರಟಿದ್ದ. ಪಕ್ಕದ ಚಪ್ಪಲಿ ಅಂಗಡಿಯವನು ಒಲೆ ಒಡೆದು ಗೋದಾಮು ಮಾಡುತ್ತೇನೆಂದು ದುಡ್ಡು ಹಿಡಿದು ಬಾಗಿಲಲ್ಲೇ ಸುತ್ತುತ್ತಿದ್ದ. ಆದರೂ ಯಜಮಾನ, "ಮೊದಲ ಮಾತು ನಿಂದೇ. ಇವತ್ತು ಬಾಗಿಲು ಹಾಕೋವರೆಗೆ ನಿನ್ನ ಮಾತಿಗೆ ಕಾಯ್ತೀನಿ, ಆಮೇಲೆ ನನ್ನ ಬೈಕೋಬೇಡ" ಎಂದಿದ್ದ.

ದುಡ್ಡಿಗೆ ದಾರಿಯೂ ಆಗಿತ್ತು. ಗಂಡ ಹೆಂಡತಿ ಹರೆಯದಲ್ಲಿ ಕೊಂಡು ಬಾಡಿಗೆಗೆ ಬಿಟ್ಟಿದ್ದ ಪುಟ್ಟ ಮನೆಯೊಂದಿತ್ತು. ಅಲ್ಲಿದ್ದ ನರ್ಸ್ ತಾನೇ ಕೊಳ್ಳುತ್ತೇನೆಂದು ಬ್ಯಾಂಕಿನ ಸಾಲವನ್ನೂ ಮಂಜೂರು ಮಾಡಿಸಿಕೊಂಡಿದ್ದಳು. ಮನೆಯ ಬೆಲೆ, ಬೇಕರಿಯ ಬೆಲೆ ಎರಡೂ ಹೇಳಿ ಮಾಡಿಸಿದ ಹಾಗೆ ಹೊಂದಿ, ಒಂದಿಷ್ಟು ಚಿಲ್ಲರೆಯೂ ಉಳಿಯುತ್ತಿತ್ತು. ತೆರಿಗೆಯ ವಿಷಯವೊಂದನ್ನು ಆಡಿಟರಮ್ಮನ ಹತ್ತಿರ ಕೇಳಿಕೊಂಡು ಬಂದರೆ ಮುಗಿಯಿತು. ಅದೇನು ಮಹಾ, ಆ ಚಿಲ್ಲರೆ ಕಟ್ಟಿದರಾಯಿತು ಎಂದುಕೊಂಡಿದ್ದಳು ಬ್ರೆಡ್ಡಕ್ಕ.

ಅವಳ ಗಂಡ ಬಡಗಿ. ಅವಳ ತಮ್ಮಂದಿರು ಅವನನ್ನು ಕರೆಯುವುದು ಪುಕ್ಕಟೆ ಭಾವ ಎಂದು. ಆ ಬಾಡಿಗೆ ಮನೆಯ ಮೇಲೆ ಒಂದು ಮರದ ಮಹಡಿ ಎಬ್ಬಿಸಿದರೆ ಬಾಡಿಗೆ ಹೆಚ್ಚುತ್ತದೆ ಎಂದು ಅವನು ಹೊರಟಾಗ, ಬ್ರೆಡ್ಡಕ್ಕ ಹಣದ ಡಬ್ಬಿಯ ಮೇಲೆ ಕೈಯಿಟ್ಟು ಕೂತಿದ್ದಳು. ಡಬ್ಬಿಯಿಂದ ಒಂದು ಕಾಸೂ ಹೊರಡುವುದಿಲ್ಲ, ಬೇಕಾದರೆ ಕಟ್ಟಿಕೋ ಎಂದಿದ್ದಳು. ಅವನು ಕಟ್ಟಿಯೇ ಬಿಟ್ಟ! ಮೆಟ್ಟಿಲ ಮರವೆಲ್ಲ ಯಾರದೋ ಹಳೆ ಬಂಗಲೆ ಒಡೆಯುವಾಗ ಎಸೆದದ್ದು. ಕಿಟಕಿಗಳು ಊರು ಬಿಟ್ಟ ಡಾಕ್ಟರೊಬ್ಬರು ಹೊತ್ತುಕೊಂಡು ಹೋಗು ಎಂದು ಕೊಟ್ಟದ್ದು. ನೆಲದ ಹಲಗೆ ಮುಚ್ಚಿಹೋದ ನಾಟಕಶಾಲೆಯದು. ನೆಂಟರು ಸೇರಿದಲ್ಲೆಲ್ಲ ಈ ಕಥೆ ಬಿಚ್ಚುವವಳು ಬ್ರೆಡ್ಡಕ್ಕನೇ. ಬಾಡಿಗೆ ತರಲು ಹೋದಾಗಲೆಲ್ಲ ಆ ಮೆಟ್ಟಿಲ ಕಟಕಟೆಯನ್ನು ಕೈಯಲ್ಲಿ ಸವರಿ, "ಇಂಥ ಮರ ಎಸೆದವರು ಎಂಥ ಪೆದ್ದರೋ" ಎನ್ನದೆ ಬಂದವಳೇ ಅಲ್ಲ.

ಗಂಡನಲ್ಲಿ ಅವಳು ಕಂಡ ದೋಷ ಒಂದೇ, ಇಸ್ಪೀಟು. ಮಹಡಿ ಏಳುತ್ತಿದ್ದ ಕಾಲದಲ್ಲಿ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಮಾಯ. ಕತ್ತಲಾದ ಮೇಲೆ ಸೊಂಟ ಹಿಡಿದುಕೊಂಡು ಬರುತ್ತಿದ್ದ. ಕೂತು ಕೂತು ಸೊಂಟ ಹಿಡಿಯದೆ ಇನ್ನೇನಾದೀತು ಎಂದು ಅವಳು ಬೈದು ನೀರಿಳಿಸುತ್ತಿದ್ದಳು. ಮಹಡಿ ಮುಗಿದ ಮೇಲೆ ಆ ಚಟ ತಾನಾಗಿಯೇ ಬಿಟ್ಟಿತು. ತನ್ನ ಬೈಗುಳದಿಂದಲೇ ಬಿಟ್ಟಿತೆಂದು ಅವಳು ನಂಬಿದ್ದಳು.

ಮಧ್ಯಾಹ್ನ ಆಡಿಟರಮ್ಮನ ಮೇಜಿನೆದುರು ಇಬ್ಬರೂ ಕೂತರು. ಚಿಕ್ಕ ಕೋಣೆ, ಕಿಟಕಿಗೊಂದು ಗರಗರ ಫ್ಯಾನು. ಬ್ರೆಡ್ಡಕ್ಕನ ಮೊಣಕೈಯಲ್ಲಿ ಇನ್ನೂ ಹಿಟ್ಟಿನ ಬಿಳುಪು. ಆಡಿಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದಳು. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರೆ ಉಳಿಯುವುದು ಲಾಭ, ತೆರಿಗೆ ಅದರ ಮೇಲೆ. ಆ ದುಡ್ಡಲ್ಲಿ ಇನ್ನೊಂದು ಮನೆ ಕೊಂಡರೆ ರಿಯಾಯಿತಿ ಇತ್ತು, ಬೇಕರಿ ಕೊಂಡರೆ ಇಲ್ಲ. ಬಣ್ಣ, ನಲ್ಲಿ ರಿಪೇರಿ ಇವೆಲ್ಲ ವರ್ಷ ವರ್ಷ ಬಾಡಿಗೆಯಲ್ಲೇ ಕಳೆದಾಗಿದೆ. ಆದರೆ ಹೊಸದಾಗಿ ಕಟ್ಟಿದ್ದೇನಾದರೂ ಇದ್ದರೆ ಆ ಖರ್ಚನ್ನು ಲಾಭದಿಂದ ಕಳೆಯಬಹುದು.

"ಇಡೀ ಮಹಡಿ ಕಟ್ಟಿದೀವಲ್ಲ!" ಎಂದಳು ಬ್ರೆಡ್ಡಕ್ಕ.

ಆಡಿಟರಮ್ಮನ ಮುಖ ಅರಳಿತು. ಎಷ್ಟು ಖರ್ಚಾಯಿತು ಎಂದು ಪೆನ್ನೆತ್ತಿಕೊಂಡಳು. ಅಷ್ಟು ಸಾಕಾಯಿತು ನೋಡಿ ನಮ್ಮ ಬ್ರೆಡ್ಡಕ್ಕನಿಗೆ. ಬಂಗಲೆ, ಡಾಕ್ಟರು, ನಾಟಕಶಾಲೆ ಮೂರನ್ನೂ ಹೇಳಿ ಎದೆಯುಬ್ಬಿಸಿ, "ಒಂದು ಕಾಸು ಖರ್ಚು ಮಾಡಿಲ್ಲ ನಮ್ಮನೆಯವರು. ಎಲ್ಲ ಪುಕ್ಕಟೆ" ಎಂದಳು. ಬಡಗಿ ಫ್ಯಾನಿನ ಕಡೆ ನೋಡುತ್ತಿದ್ದ.

ಆಡಿಟರಮ್ಮ ಪೆನ್ನು ಕೆಳಗಿಟ್ಟಳು. ಖರ್ಚೇ ಇಲ್ಲದಿದ್ದರೆ ಕಳೆಯುವುದಕ್ಕೂ ಏನಿಲ್ಲ. ಅವರ ಕೈಕೆಲಸದ ಬೆಲೆಯನ್ನಾದರೂ ಹಿಡಿಯಿರಿ ಎಂದು ಬ್ರೆಡ್ಡಕ್ಕ ಕೇಳಿಕೊಂಡರೆ, ತನ್ನ ಮನೆಗೆ ತಾನೇ ದುಡಿದದ್ದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆಮೇಲೆ ತೆರಿಗೆಯ ಮೊತ್ತ ಬರೆದು ಹಾಳೆಯನ್ನು ಈಚೆ ತಿರುಗಿಸಿದಳು. ಬ್ರೆಡ್ಡಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಇಷ್ಟು ಹೋದರೆ ಉಳಿದದ್ದರಲ್ಲಿ ಬೇಕರಿಯ ಬಾಗಿಲು, ಕಪಾಟು ಬರಬಹುದು, ಒಲೆ ಬರುವುದಿಲ್ಲ. ಇಷ್ಟು ವರ್ಷ ಊರೆಲ್ಲ ಡಂಗುರ ಸಾರಿದ ಹೆಮ್ಮೆಯೇ ಕೈಗೆ ಬಂದ ತುತ್ತನ್ನು ಬಾಯಿಗೆ ಬಿಡಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು. ಚಪ್ಪಲಿ ಅಂಗಡಿಯವನ ಸುತ್ತಿಗೆ ಒಲೆಯ ಇಟ್ಟಿಗೆಗೆ ಬೀಳುವುದು ಕಿವಿಯಲ್ಲಿ ಕೇಳಿದಂತಾಯಿತು. ಸೆರಗಿನಿಂದ ಮೂಗೊರೆಸಿಕೊಂಡು, "ಹೋಗಲಿ ಬಿಡಿ. ನಮ್ಮ ಹಣೇಲಿ ಇಷ್ಟೇ" ಎಂದು ಎದ್ದಳು.

ಬಡಗಿ ಏಳಲಿಲ್ಲ. ಮಂಡಿಯ ಮೇಲೆ ಬೆರಳಾಡಿಸುತ್ತ ಕೂತಿದ್ದವನು, "ಮೇಡಂ, ಮರಕ್ಕೆ ಕೊಟ್ಟ ದುಡ್ಡು ಲೆಕ್ಕಕ್ಕೆ ಬರುತ್ತಾ?" ಎಂದ.

"ಕೊಟ್ಟಿದ್ರೆ ಖಂಡಿತ ಬರುತ್ತೆ. ಆದ್ರೆ ನಿಮಗದು ಸುಮ್ಮನೆ ಸಿಕ್ಕಿದ್ದಲ್ವಾ?"

ಬಡಗಿ ಹೆಂಡತಿಯ ಮುಖ ನೋಡಲಿಲ್ಲ. "ಇಲ್ಲ. ಕೊಂಡಿದ್ದು" ಎಂದ.

ಬ್ರೆಡ್ಡಕ್ಕ ಎದ್ದವಳು ಹಾಗೇ ಕೂತಳು. ಬಿಲ್ಲು ಬೇಕಲ್ಲ ಎಂದಳು ಆಡಿಟರಮ್ಮ. ಟಿಂಬರ್ ಡಿಪೋದವನು ಬಿಲ್ಲಿಲ್ಲದೆ ಒಂದು ಮರದ ರೀಪನ್ನೂ ಗೇಟು ದಾಟಿಸುವವನಲ್ಲ, ಕಂಪ್ಯೂಟರಿನಲ್ಲಿ ಎಲ್ಲ ಇಟ್ಟಿದ್ದಾನೆ ಎಂದು ಬಡಗಿ ನಂಬರು ಕೊಟ್ಟ. ಆಡಿಟರಮ್ಮ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ಮೊಬೈಲು ಟಿಣ್ ಎಂದಿತು. ಮೊದಲನೇ ಬಿಲ್ಲು, ಮೆಟ್ಟಿಲಿಗೆ ತೇಗ.

"ಬಂಗಲೆ?" ಎಂದಳು ಬ್ರೆಡ್ಡಕ್ಕ.

"ಬಂಗಲೆ ಇರಲಿಲ್ಲ."

ಟಿಣ್. ಕಿಟಕಿ ಚೌಕಟ್ಟು, ಗಾಜು ಸಮೇತ. ಡಾಕ್ಟರೂ ಇರಲಿಲ್ಲ. ಟಿಣ್. ನೆಲದ ಹಲಗೆ, ಮೊದಲ ದರ್ಜೆ. ನಾಟಕಶಾಲೆಯಂತೂ ಬರೀ ನಾಟಕ! ಟಿಣ್, ಟಿಣ್ ಎನ್ನುತ್ತ ಸುಳ್ಳೊಂದೊಂದೂ ಮೇಜಿಗೆ ಬಂದು ಬೀಳುತ್ತಿತ್ತು, ಆಡಿಟರಮ್ಮನ ಹಾಳೆಯ ಮೇಲೆ ತೆರಿಗೆ ಇಳಿಯುತ್ತಿತ್ತು. ಬ್ರೆಡ್ಡಕ್ಕ ಗಂಡನ ಕೆನ್ನೆಗೆ ಬಾರಿಸಬೇಕೋ ಮುತ್ತಿಡಬೇಕೋ ತಿಳಿಯದೆ ಕೈ ಕೈ ಹಿಸುಕಿಕೊಂಡಳು.

ಕೊನೆಗೆ, "ದುಡ್ಡು ಎಲ್ಲಿಂದ ಬಂತು?" ಎಂದು ಕೇಳಿದಳು.

"ಭಾನುವಾರ. ಊರಾಚೆ ಒಂದು ಫರ್ನಿಚರ್ ಕಾರ್ಖಾನೇಲಿ ಕೂಲಿಗೆ ಹೋಗ್ತಿದ್ದೆ. ಮನೆಗೆ ತಂದ್ರೆ ಡಬ್ಬಿಗೆ ಹೋಗ್ತಿತ್ತು. ನೀನು ಹುಳ ಹಿಡಿದ ಹಿಟ್ಟಲ್ಲಿ ಬ್ರೆಡ್ ಮಾಡ್ತೀಯಾ? ನನಗೂ ಕೆಟ್ಟ ಮರಕ್ಕೆ ಉಳಿ ಇಡೋಕೆ ಮನಸ್ಸು ಬರಲಿಲ್ಲ ಕಣೇ."

ಬ್ರೆಡ್ಡಕ್ಕನಿಗೆ ಗಂಡ ಸೊಂಟ ಹಿಡಿದುಕೊಂಡು ಬರುತ್ತಿದ್ದ ಆ ಭಾನುವಾರಗಳೆಲ್ಲ ಕಣ್ಣೆದುರು ಬಂದವು. ಎಷ್ಟು ಬೈದಿದ್ದಳು! ಒಂದು ದಿನವಾದರೂ ಒಂದು ಚೊಂಬು ಬಿಸಿನೀರು ಕಾಯಿಸಿಕೊಟ್ಟಿರಲಿಲ್ಲ.

ಆಡಿಟರಮ್ಮ ಕನ್ನಡಕದ ಮೇಲಿಂದ ನೋಡಿ, ಆ ಕೂಲಿಗೆ ತೆರಿಗೆ ಕಟ್ಟಿದ್ದೀರಾ ಎಂದಳು.

"ಕಟ್ಟಿದೀನಿ ಮೇಡಂ. ಸರ್ಕಾರಕ್ಕೆ ಆಗ್ಲೇ ಹೇಳಿದ್ದೆ. ಇವಳಿಗೊಬ್ಬಳಿಗೇ ಹೇಳಿರಲಿಲ್ಲ."

ಆಡಿಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಳು. ಹಾಳೆಯ ಕೊನೆಯ ಸಾಲಿನಲ್ಲಿ ಉಳಿದ ತೆರಿಗೆ ಕಟ್ಟಿದ ಮೇಲೂ ಬೇಕರಿಗೆ ಸಾಕಾಗುವಷ್ಟು ದುಡ್ಡಿತ್ತು, ಒಲೆ ಸಮೇತ.

ಅಷ್ಟರಲ್ಲಿ ಸಂಜೆಯಾಗಿತ್ತು. ಗಂಡ ಹೆಂಡತಿ ಬೀದಿಯಲ್ಲಿ ಓಡಿದರು, ನಡೆಯಲಿಲ್ಲ. ಯಜಮಾನ ಶಟರಿನ ಕೊಂಡಿಗೆ ಕೈ ಹಾಕಿದ್ದ. ಚಪ್ಪಲಿ ಅಂಗಡಿಯವನು ಆಗಲೇ ಟೇಪು ಹಿಡಿದು ಒಲೆಯ ಅಗಲ ಅಳೆಯುತ್ತಿದ್ದ. ಬ್ರೆಡ್ಡಕ್ಕ ಏದುಸಿರು ಬಿಡುತ್ತ, "ಆ ಟೇಪು ಸುತ್ತಿಟ್ಕೊಳ್ಳಪ್ಪ. ಒಲೆ ಬಿಸಿಯಿದೆ, ಕೈ ಸುಟ್ಟೀತು" ಎಂದಳು. ಯಜಮಾನ ಕೊಂಡಿ ಬಿಟ್ಟು ಬೀಗದ ಕೈಯನ್ನು ಅವಳ ಅಂಗೈಗಿಟ್ಟ.

ಆ ಭಾನುವಾರ ಬಡಗಿ ತಡವಾಗಿ ಎದ್ದ. ಬಚ್ಚಲಲ್ಲಿ ಬಿಸಿನೀರು ಕಾದಿತ್ತು. ಸ್ನಾನ ಮುಗಿಸಿ ಬಂದು ಕೂತರೆ, ಹೆಂಡತಿ ಅವನ ಉಪಕರಣದ ಚೀಲ ತಂದು ಪಕ್ಕದಲ್ಲಿಟ್ಟಳು.

"ಇವತ್ತು ಇಸ್ಪೀಟಿಗೆ ಹೋಗಲ್ವಾ?"

ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ. "ಬಿಟ್ಟು ಎಷ್ಟು ವರ್ಷ ಆಯ್ತಲ್ಲೇ" ಎಂದ.

"ಬೇಕರಿಗೊಂದು ಒಳ್ಳೆ ಬಾಗಿಲು ಬೇಕು. ತೇಗದ್ದು. ಹೋಗಿ ಗೆದ್ಕೊಂಡು ಬಾ" ಎಂದಳು. "ಬಿಲ್ಲು ಮಾತ್ರ ಮರೀಬೇಡ."