ಹೆಚ್ಚಿಸಿದ ಸರ

ಧನಗೆರೆಯ ಚನ್ನಮಲ್ಲಮ್ಮನ ಮನೆಯಲ್ಲಿ ಕೆಲವು ಮಾತು ಆಡುವಂತಿರಲಿಲ್ಲ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ‘ಓಯ್ತೀನಿ’ ಅಂದವರನ್ನು ಬಾಗಿಲಿಂದ ವಾಪಸು ಕರೆದು, ‘ಓಗಿ ಬತ್ತೀನಿ’ ಅನ್ನಿಸಿಯೇ ಮುದುಕಿ ಬೀಳ್ಕೊಡುತ್ತಿದ್ದಳು. ಇಪ್ಪತ್ನಾಲ್ಕು ವರ್ಷದ ಹಿಂದೆ ಬಂಡಳ್ಳಿಯಿಂದ ಸೊಸೆಯಾಗಿ ಬಂದ ಸೌಮ್ಯ ಮೊದಲ ವಾರವೇ “ಅತ್ತೆ, ಬಳೆ ಒಡೆದೋಯ್ತು” ಎಂದುಬಿಟ್ಟು, ಎರಡು ದಿನ ಅತ್ತೆಯ ಬಾಯಿಂದ ಒಂದು ಮಾತು ಕೇಳದೆ ಕಳೆದಿದ್ದಳು. ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಕೊನೆಗೆ ಆ ಕಲಿಕೆಯೇ ಅವಳ ತಲೆಯ ಮೇಲೆ ಬಂತು.

ಸೌಮ್ಯಳ ಮಗಳು ಭವ್ಯಶ್ರೀಗೆ ಯಳಂದೂರಿನ ಗಂಡು ಗೊತ್ತಾಗಿ, ಮದುವೆಗೆ ಇನ್ನು ಇಪ್ಪತ್ತೇ ದಿನ ಉಳಿದಿತ್ತು. ಮನೆಯಲ್ಲಿ ಅಜ್ಜಿಯ ಗುಂಡಿನ ಸರ ಇತ್ತು. ಕೆಂಪು ಹವಳದ ನಡುನಡುವೆ ಚಿನ್ನದ ಗುಂಡು ಪೋಣಿಸಿದ, ಕುತ್ತಿಗೆಗೆ ಅಂಟಿಕೊಂಡಂತಿರುವ ಹಳೆಯ ಸರ. ಚನ್ನಮಲ್ಲಮ್ಮನ ತವರಿನಿಂದ ಬಂದದ್ದು. ಅದು ತನ್ನ ಪಾಲಿಗೆ ಬರಲಿದೆ ಎಂದು ಗೊತ್ತಾದ ಸಂಜೆ ಭವ್ಯಶ್ರೀ ಮುಖ ಕಿವುಚಿದಳು.

“ಬ್ಯಾಡಮ್ಮ. ಆಕಂಡ್ರೆ ಉಸ್ರು ಕಟ್ತದೆ. ಅದ್ರಲ್ಲೇ ಎರಡೆಳೆ ಚೈನ್ ಮಾಡಿಸ್ಕೊಡು,” ಎಂದು ಫೋನಿನಲ್ಲಿ ಒಂದು ಫೋಟೊ ತೋರಿಸಿದಳು.

ಮುದುಕಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು ಮಂಜು. ಕಿವಿ ಮಾತ್ರ ಹಾವಿನ ಕಿವಿ.

ಮರುದಿನ ಬೆಳಿಗ್ಗೆ ಅವಳು ಟ್ರಂಕು ತೆಗೆದು, ಬಿಳಿ ಬಟ್ಟೆಯ ಗಂಟನ್ನು ತಂದು ಸೊಸೆಯ ಕೈಗಿತ್ತಳು. “ಸೌಮ್ಯ, ಈ ಸರವ ಎಚ್ಚಿಸ್ಕಂಡು ಬಾ. ಭವ್ಯಂಗೆ ಆಗ್ಲಿ.”

ಅಷ್ಟೇ ಮಾತು. ಆದರೆ ಇಪ್ಪತ್ನಾಲ್ಕು ವರ್ಷದಲ್ಲಿ ಆ ಸರ ಸೌಮ್ಯಳ ಕೈಗೆ ಬಂದದ್ದು ಅದೇ ಮೊದಲು. ಹಬ್ಬಕ್ಕೊಮ್ಮೆ ಮುದುಕಿಯೇ ತೆಗೆಯುತ್ತಿದ್ದಳು, ಹಾಕಿಕೊಂಡು ಕೂತು ಒಂದೊಂದೇ ಗುಂಡನ್ನು ಹೆಬ್ಬೆರಳಿನಿಂದ ಸವರುತ್ತ ಏನೋ ಮಣಮಣಿಸುತ್ತಿದ್ದಳು, ಮತ್ತೆ ತಾನೇ ಒಳಗಿಡುತ್ತಿದ್ದಳು. ಏನೋ ಜಪ ಇರಬೇಕು ಎಂದು ಸೌಮ್ಯ ಅಂದುಕೊಂಡಿದ್ದಳು. ಮನೆಯ ಬೀಗದ ಕೈ ಕೊಟ್ಟಿದ್ದಳು ಅತ್ತೆ, ಹಾಲಿನ ಡೇರಿಯ ವ್ಯವಹಾರ ಬಿಟ್ಟುಕೊಟ್ಟಿದ್ದಳು, ಆದರೆ ಸರ ಮಾತ್ರ ಮುಟ್ಟಗೊಟ್ಟಿರಲಿಲ್ಲ. ಆ ಒಂದು ಸಂಗತಿ ಸೌಮ್ಯಳ ಹೊಟ್ಟೆಯಲ್ಲಿ ಇಷ್ಟು ವರ್ಷವೂ ಮುಳ್ಳಾಗಿ ಕೂತಿತ್ತು. ಎಷ್ಟು ದುಡಿದರೂ ತಾನು ಬಂಡಳ್ಳಿಯಿಂದ ಬಂದ ಹೊರಗಿನವಳೇ. ಈಗ ಅತ್ತೆ ಹೆತ್ತ ಮಗ ಗುರುಪ್ರಕಾಶನ ಕೈಗೂ ಕೊಡದೆ ತನಗೆ ಕೊಟ್ಟಿದ್ದಾಳೆ. ಈ ಒಂದು ಕೆಲಸ ಕೆಡದಂತೆ ಮಾಡಿಬಿಟ್ಟರೆ ಸಾಕು, ಮುದುಕಿಯ ನಂಬಿಕೆ ತನ್ನದು.

ಮಾತಿನ ಅರ್ಥದ ಬಗ್ಗೆ ಅವಳಿಗೆ ಸಂಶಯವೇ ಬರಲಿಲ್ಲ. ಮೊಮ್ಮಗಳು ಹೇಳಿದ್ದು ಅಜ್ಜಿಗೆ ಕೇಳಿಸಿದೆ, ಅಜ್ಜಿ ಒಪ್ಪಿದ್ದಾಳೆ. ಸರ ಮುರಿಸಿಕೊಂಡು ಬಾ ಎಂದು ಈ ಮನೆಯಲ್ಲಿ ಯಾರ ಬಾಯಲ್ಲಾದರೂ ಬರುತ್ತದೆಯೇ? ಎಚ್ಚಿಸು ಅಂದಿದ್ದಾಳೆ.

ಕೊಳ್ಳೇಗಾಲದ ಮುತ್ತಯ್ಯ ಆಚಾರ್ರದು ಗಲ್ಲಿಯೊಳಗಿನ ಪುಟ್ಟ ಅಂಗಡಿ. ಗಂಟು ಬಿಚ್ಚಿ ನೋಡಿ ಕೇಳಿದರು: “ಏನವ್ವಾ, ಮುರ್ಸಾದಾ?”

ಸೌಮ್ಯ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. “ಅಂಗನ್ಬ್ಯಾಡಿ ಆಚಾರ್ರೇ. ಎಚ್ಚಿಸಿ. ಇದೇ ಚಿನ್ನದಲ್ಲಿ ಎರಡೆಳೆ ಚೈನಾಗ್ಬೇಕು,” ಎಂದು ಫೋಟೊ ತೋರಿಸಿದಳು.

“ಅದೇ ಅದೇ,” ಎಂದು ಆಚಾರ್ರು ನಕ್ಕರು. ದಾರ ಕತ್ತರಿಸಿದರು. ಹವಳಗಳನ್ನು ಒಂದು ಪೊಟ್ಟಣಕ್ಕೆ ಹಾಕಿದರು, ಗುಂಡುಗಳನ್ನು ತಕ್ಕಡಿಗೆ ಸುರಿದರು. “ಕೂತ್ಕಳಿ, ನಿಮ್ಮ ಕಣ್ಣೆದುರ್ಗೇ ಕರಗಿಸ್ಬುಡ್ತೀನಿ. ನಾಳೆ ಯಾವ ಮಾತೂ ಬ್ಯಾಡ.”

ಸೌಮ್ಯ ಆಗಲೇ ಮುಖ ಆಚೆ ತಿರುಗಿಸಿದ್ದಳು. “ನಾ ನೋಡಾಕಿಲ್ಲ. ನೀವು ಮಾಡ್ತಿರಿ, ಟೈಲರ್ ತಾವ ಬ್ಲೌಸ್ ಈಸ್ಕಂಡು ಬತ್ತೀನಿ.”

ಟೈಲರ್ ಅಂಗಡಿ ಪೇಟೆಯ ಇನ್ನೊಂದು ತುದಿ. ಬ್ಲೌಸಿನ ತೋಳು ಅಳತೆ ನೋಡುತ್ತಿದ್ದಾಗ ಭವ್ಯಶ್ರೀಯ ಫೋನಿನಿಂದ ಮುದುಕಿ ಮಾತಾಡಿದಳು.

“ಎಚ್ಚಿಸಾಕೆ ಕೊಟ್ಯಾ?”

“ಕೊಟ್ಟಿವ್ನಿ ಅತ್ತೆ. ಮಾಡ್ತಾವ್ರೆ.”

“ಎರಡೇ ಗುಂಡು ಸಾಕು ಅನ್ನು. ಅಳೇ ಗುಂಡ್ಗೆ ಒಪ್ಪುವಂಗೆ ಇರ್ಲಿ, ತೀರ ಮಿರಮಿರ ಅನ್ನಾದು ಬ್ಯಾಡ.”

ಸೌಮ್ಯಳ ಕೈಯಲ್ಲಿದ್ದ ಬ್ಲೌಸು ಅಲ್ಲೇ ನಿಂತಿತು. “ಯಾವ ಎರಡು ಗುಂಡು ಅತ್ತೆ?”

“ಅಯ್ಯೋ, ಎಚ್ಚಿಸೋ ಗುಂಡು ಕಣವ್ವ! ಮನೇಗೆ ಒಂದು ಎಣ್ಣು ಬಂದಾಗ, ಒಂದು ಎಣ್ಣಿಗೆ ಕೊಡ್ಬೇಕಾದಾಗ, ಸರಕ್ಕೆ ಎರಡು ಗುಂಡ ಎಚ್ಚಿಸ್ತೀವಿ. ನಮ್ಮಜ್ಜಿ ಕಾಲ್ದಿಂದ್ಲೂ ಅಂಗೇ. ಸರ ಉದ್ದಾಯ್ತದೆ, ಆ ಮಗೀಗೂ ಉಸ್ರು ಕಟ್ಟಾಕಿಲ್ಲ.”

“ಆಯ್ತು ಅತ್ತೆ” ಎಂದು ಸೌಮ್ಯಳ ನಾಲಿಗೆ ತಾನೇ ಹೇಳಿತು.

ಬ್ಲೌಸು ಟೈಲರ್ ಮೇಜಿನ ಮೇಲೇ ಉಳಿಯಿತು. ಆಚಾರ್ರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಗ್ಯಾಸಿನ ಉರಿ ಬುಸುಗುಟ್ಟುತ್ತಿದ್ದರೆ ಆ ಮನುಷ್ಯನಿಗೆ ಫೋನು ಎಲ್ಲಿ ಕೇಳಬೇಕು? ಆಟೋಗೆ ಕೈ ಅಡ್ಡ ಹಾಕಿದರೆ ಒಂದೂ ನಿಲ್ಲಲಿಲ್ಲ. ಓಡಿದಳು. ನಲವತ್ತಾರರ ಹೆಂಗಸು, ನಾಳೆ ಮದುವೆಯ ಕರೆಯೋಲೆ ಕೊಡಬೇಕಾದ ನೆಂಟರೆಲ್ಲ ಇರುವ ಪೇಟೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ದೊಡ್ಡ ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಪರಸೆಯವರ ಸಾಲು ಅಡ್ಡ ಬಂತು. “ಉಘೇ” ಎನ್ನುತ್ತಾ ಅವರು ನಿಧಾನವಾಗಿ ದಾಟುತ್ತಿದ್ದರೆ, ಸೌಮ್ಯ ಒಂದೇ ಉಸಿರಿಗೆ ಬೇಡಿಕೊಂಡಳು: ಮಾದಪ್ಪ, ಆಚಾರ್ರಿಗೆ ಯಾರಾದರೂ ಗಿರಾಕಿ ಬಂದಿರಲಿ, ಕರೆಂಟು ಹೋಗಿರಲಿ, ಗ್ಯಾಸು ಮುಗಿದಿರಲಿ, ಏನಾದರೂ ಆಗಿರಲಿ. ಇನ್ನೊಬ್ಬರಿಗೆ ಕೆಡುಕು ಬಯಸಿ ದೇವರಿಗೆ ಕೈ ಮುಗಿದದ್ದು ಅವಳ ಜನ್ಮದಲ್ಲೇ ಅದು ಮೊದಲು.

ಗಿರಾಕಿ ಬಂದಿರಲಿಲ್ಲ. ಗ್ಯಾಸೂ ಮುಗಿದಿರಲಿಲ್ಲ.

“ಬಂದ್ರಾ ತಾಯಿ? ನೋಡಿ, ಎಂಥ ಬಣ್ಣ!” ಎಂದರು ಆಚಾರ್ರು. ಚಿನ್ನ ಬಡಿಯುವ ಅಡಿಗಲ್ಲಿನ ಮೇಲೆ ಕಿರುಬೆರಳಿನಷ್ಟು ಉದ್ದದ ಹಳದಿ ತುಂಡೊಂದು ಬಿದ್ದಿತ್ತು.

ಸೌಮ್ಯ ಮೆಟ್ಟಿಲ ಮೇಲೇ ಕೂತಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಇಲ್ಲಿ ಒಲೆ ಮೊದಲೇ ಉರಿದುಹೋಗಿತ್ತು. ಆಚಾರ್ರು ಗಾಬರಿಯಾಗಿ ನೀರು ಕೊಟ್ಟರು. ಅವಳು ನಡೆದದ್ದನ್ನು ಹೇಳಿ ಕೇಳಿದಳು: “ಮತ್ತೆ ಅಂಗೇ ಮಾಡಾಕಾಯ್ತದಾ?”

“ಗುಂಡು ಮಾಡ್ಬೋದು ತಾಯಿ. ಅದೇ ಗುಂಡು ಆಗಾಕಿಲ್ಲ. ಒಂದೊಂದು ಜೊತೆ ಒಂದೊಂದು ಕೈಯಿಂದು.” ಆಮೇಲೆ ದನಿ ತಗ್ಗಿಸಿದರು. “ನಿಮ್ಮತ್ತೆಗೆ ಕಣ್ಣು ಮಂಜು ಅಂದ್ರಲ್ಲ? ನಾಕು ದಿನ ಕೊಡಿ. ಲೆಕ್ಕಕ್ಕೆ ಸರಿಯಾಗಿ ಗುಂಡು ಮಾಡಿ, ಅದೇ ಹವಳದಲ್ಲಿ ಪೋಣ್ಸಿ ಕೊಡ್ತೀನಿ. ಯಾರಿಗ್ ಗೊತ್ತಾಯ್ತದೆ?”

ಒಂದು ಕ್ಷಣ ಸೌಮ್ಯಳಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಆ ಹೆಬ್ಬೆರಳು ನೆನಪಾಯಿತು. ಹಬ್ಬದ ದಿನ ಮುದುಕಿ ಮಾಡುತ್ತಿದ್ದುದು ಜಪವಲ್ಲ. ಇದು ಯಾರದು, ಇದು ಯಾರದು ಎಂದು ಒಬ್ಬೊಬ್ಬರನ್ನೇ ಮುಟ್ಟಿ ನೋಡುತ್ತಿದ್ದಳು. ಆ ಬೆರಳಿಗೆ ಮೋಸ ಮಾಡಲು ಯಾವ ಆಚಾರಿಯಿಂದಲೂ ಆಗುವುದಿಲ್ಲ.

ತುಂಡನ್ನೂ ಹವಳದ ಪೊಟ್ಟಣವನ್ನೂ ಇಸಿದುಕೊಂಡು ಬಸ್ಸು ಹತ್ತಿದಳು. ಹನೂರಿನ ಕಡೆ ಕರೆಯೋಲೆ ಹಂಚಲು ಹೋಗಿದ್ದ ಗಂಡನಿಗೆ ಫೋನ್ ಮಾಡಿದಳು. ಗುರುಪ್ರಕಾಶ ಎಲ್ಲವನ್ನೂ ಕೇಳಿ, ತಾಯಿಗೆ ತಕ್ಕ ಮಗನಾಗಿ ನುಡಿದ: “ಮದ್ವೆ ಮುಗಿಯಾಗಂಟ ಬಾಯಿ ಬಿಡ್ಬ್ಯಾಡ. ಆಚಾರ್ರು ಇನ್ನೂ ಕೊಟ್ಟಿಲ್ಲ ಅನ್ನು. ಆಮೇಲ್ ನೋಡನ.”

ಆಚಾರ್ರು ಕೊಟ್ಟಿಲ್ಲ. ಅಂಗಡಿ ಬಾಗಿಲು ಹಾಕಿತ್ತು. ಗುಂಡು ಸಿಕ್ಕಲಿಲ್ಲ. ಒಂದೊಂದು ಸುಳ್ಳನ್ನೂ ನಾಲಿಗೆಯ ಮೇಲಿಟ್ಟು ನೋಡಿದಳು. ಯಾವುದೂ ಇಪ್ಪತ್ತು ದಿನ ಬಾಳುವಂತೆ ಕಾಣಲಿಲ್ಲ. ಊರಿನ ಸ್ಟಾಪು ಇಷ್ಟು ಬೇಗ ಬರುತ್ತದೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಚನ್ನಮಲ್ಲಮ್ಮ ಜಗುಲಿಯ ಮೇಲೇ ಇದ್ದಳು. ಹೆಜ್ಜೆ ಸಪ್ಪಳಕ್ಕೆ ಸೊಸೆಯನ್ನು ಗುರುತು ಹಿಡಿದು, ಮಾತಿಗೆ ಮೊದಲೇ ಕೈ ಚಾಚಿದಳು. “ತಂದ್ಯಾ? ಕೊಡು ನೋಡ್ಮ.”

ಚಾಚಿದ ಆ ಕೈಯ ಮುಂದೆ ಒಂದು ಸುಳ್ಳೂ ನಿಲ್ಲಲಿಲ್ಲ. ಸೌಮ್ಯ ತುಂಡನ್ನು ಅತ್ತೆಯ ಅಂಗೈಯಲ್ಲಿಟ್ಟಳು.

ಹೆಬ್ಬೆರಳು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ವಾಪಸು ಬಂತು. “ಇದೇನವ್ವ ಇದು?”

“ಕರಗಿಸ್ಬುಟ್ಟೆ ಅತ್ತೆ. ನೀವು ಎಚ್ಚಿಸು ಅಂದ್ರಲ್ಲ, ಮುರಿಸು ಅಂತ ತಿಳ್ಕಂಡೆ. ಆಚಾರ್ರದೇನೂ ತಪ್ಪಿಲ್ಲ, ನಂದೇ. ಫೋನಲ್ಲಿ ಆಯ್ತು ಅಂದೆನಲ್ಲ, ಅದೂ ಸುಳ್ಳು.” ಆ ಮನೆಯ ಜಗುಲಿಯಲ್ಲಿ ನಿಂತು ಅಷ್ಟೂ ಕೆಟ್ಟ ಮಾತುಗಳನ್ನು ಅವಳು ಒಂದೇ ಉಸಿರಿಗೆ ಆಡಿದ್ದಳು. ಬಾಗಿಲಲ್ಲಿ ಭವ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಮುದುಕಿ ಬೈಯಲಿಲ್ಲ. ಬೈದಿದ್ದರೆ ಸೌಮ್ಯಳಿಗೆ ಎಷ್ಟೋ ಹಗುರವಾಗುತ್ತಿತ್ತು. ತುಂಡನ್ನು ಮಡಿಲಿಗೆ ಹಾಕಿಕೊಂಡು ಅವಳು ಬೆರಳು ಮಡಿಚತೊಡಗಿದಳು.

“ನಮ್ಮಜ್ಜಿದು ಓಯ್ತು. ನಮ್ಮವ್ವಂದು ಓಯ್ತು. ನಂದು ಓಯ್ತು.” ನಾಲ್ಕನೆಯ ಬೆರಳು ಮಡಿಚಿ, ಮಂಜುಗಣ್ಣನ್ನು ಸೊಸೆಯ ಕಡೆ ಎತ್ತಿದಳು. “ನಿಂದೂ ಓಯ್ತಲ್ಲವ್ವಾ.”

ಸೌಮ್ಯಳಿಗೆ ತಾನು ಕೇಳಿದ್ದು ಸರಿಯೋ ಅಲ್ಲವೋ ತಿಳಿಯಲಿಲ್ಲ. “ನಂದಾ? ನಂದೆಲ್ಲಿತ್ತು ಅತ್ತೆ ಅದ್ರಲ್ಲಿ?”

“ಕೊಂಡಿ ಪಕ್ಕದ ಜೊತೆ ಯಾರ್ದು ಮತ್ತೆ? ನೀ ಬಂದ ವರ್ಸವೇ ಯಳಂದೂರ್ಗೋಗಿ ನಾನೇ ಎಚ್ಚಿಸ್ಕಂಡ್ ಬಂದಿದ್ದೆ. ಇವತ್ತು ಕೊಡಾವ, ನಾಳೆ ಕೊಡಾವ ಅಂತ ಅಂಗೇ ಉಳ್ಕಂಡೋಯ್ತು.”

ಅಂಗಡಿಯಿಂದ ತಡೆದುಕೊಂಡೇ ತಂದಿದ್ದ ಅಳು ಈಗ ಬಂತು. ಅದರಲ್ಲಿ ಭಯ ಉಳಿದಿರಲಿಲ್ಲ. ಸಿಟ್ಟಿತ್ತು, ಸಂಕಟವಿತ್ತು, ತನ್ನದನ್ನು ತಾನೇ ಕೈಯಾರೆ ಬೆಂಕಿಗೆ ಕೊಟ್ಟು ಬಂದ ಹೊಟ್ಟೆಯುರಿಯಿತ್ತು. “ಯೋಳ್ಬೇಕಿತ್ತು ಅತ್ತೆ! ಇಪ್ಪತ್ನಾಕು ವರ್ಸ ಒಂದ್ ಮಾತು ಯೋಳ್ನಿಲ್ವಲ್ಲ!”

ಚನ್ನಮಲ್ಲಮ್ಮನ ಎದುರು ಆ ಮನೆಯಲ್ಲಿ ಯಾರೂ ಹಾಗೆ ದನಿ ಎತ್ತಿರಲಿಲ್ಲ. ಅವಳು ಮಡಿಲಿನ ತುಂಡನ್ನು ಮತ್ತೊಮ್ಮೆ ಸವರಿದಳು.

“ಯೋಳ್ಬೇಕಿತ್ತು,” ಅಂದಳು.

ಭವ್ಯಶ್ರೀ ಮೆಲ್ಲಗೆ ಹತ್ತಿರ ಬಂದು ಕೂತಳು. “ಅಜ್ಜಿ, ಈಗೇನ್ ಮಾಡಿಸಾದು ಇದ್ರಲ್ಲಿ? ಚೈನ್ ಬ್ಯಾಡ ಬುಡಿ. ನೀವ್ ಯೋಳ್ದಂಗೇ ಆಗ್ಲಿ.”

ಮುದುಕಿ ತುಂಡನ್ನು ಎತ್ತಿ, ತಡವರಿಸಿ ಸೌಮ್ಯಳ ಕೈ ಹುಡುಕಿ, ಅಂಗೈಗಿಟ್ಟು ಬೆರಳು ಮಡಿಚಿದಳು.

“ನನ್ನ ಕೇಳ್ಬ್ಯಾಡ. ನಿಮ್ಮವ್ವನ್ನ ಕೇಳು. ಅದು ಅವಳ್ದು.”