ಬಯೋಡೇಟಾದಲ್ಲಿ ಬರೆಸಿದ ನೌಕರಿ

ಸುಳ್ಳು ನನ್ನದೇ. ಮಗ ಕೇದಾರನ ಬಯೋಡೇಟಾದಲ್ಲಿ 'ನೌಕರಿ: ಶಿರೋಳಿ ಎಂಐಡಿಸಿ, ಫೌಂಡ್ರಿ' ಎಂದು, ಅಂದರೆ ಕಬ್ಬಿಣ ಎರಕದ ಕಾರ್ಖಾನೆಯಲ್ಲಿ ಕೆಲಸವೆಂದು ಬರೆಸಿ, ಅವನಿಗೆ ತಿಳಿಸದೆ ಹೆಣ್ಣಿನವರಿಗೆ ಕಳಿಸಿದವನು ನಾನು. ಅವನು ನೇಸರಿಯ ನಮ್ಮ ಹೊಲದಲ್ಲಿ ಕಬ್ಬಿನ ಸಸಿ ಬೆಳೆಸುತ್ತಾನೆಂದು ನಿಜ ಹೇಳಿದಾಗ ಮೂರು ಮನೆಯವರು ಹುಡುಗಿಯ ಮುಖವನ್ನೂ ತೋರಿಸಿರಲಿಲ್ಲ. 'ಶೇತಿ', ಒಕ್ಕಲುತನ, ಅಂದರೆ ಸಾಕು, ಅವರ ಫೋನು ಬಂದ್. ನಾನೂ ಹೊಲದಲ್ಲೇ ಮುದುಕನಾದವನು, ಆದರೂ ಮಗನ ಮದುವೆಯ ಮಾತಿಗೆ ಬುದ್ಧಿ ಕೆಟ್ಟಿತು.

ನಾಲ್ಕನೆಯದು ಗಡಹಿಂಗ್ಲಜದ ಮಲ್ಲಿನಾಥರ ಮನೆ. ಅವರ ಮಗಳು ರುತುಜಾಳ ಫೋಟೋ ನೋಡಿದ ಕೇದಾರ ಮೊದಲ ಸಲ ತಾನಾಗಿಯೇ ಅಂಗಿಗೆ ಇಸ್ತ್ರಿ ಮಾಡಿಕೊಂಡಿದ್ದ. ನಾವು ಅವರ ಮನೆಗೆ ಹೋಗಿ ಕೂತ ಮೇಲೆ ಹುಡುಗಿ ಎಲ್ಲರಿಗೂ ಅವಲಕ್ಕಿ ಕೊಟ್ಟು ತಾಯಿಯ ಪಕ್ಕ ಕೂತಳು. ಮಲ್ಲಿನಾಥರು ಕೇದಾರನ ಕಡೆ ತಿರುಗಿದರು.

"ನಾನೂ ಶಿರೋಳಿ ಕಂಪನ್ಯಾಗ ಇಪ್ಪತ್ತಾರು ವರ್ಷ ತೆಗದೇನ್ರಿ. ನೀವು ಮೋಲ್ಡಿಂಗ್‌ನ್ಯಾಗ ಅದೀರೋ, ಭಟ್ಟಿ ಮ್ಯಾಲ ಅದೀರೋ?"

ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಕೇದಾರ ನನ್ನ ಮುಖ ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು. ಭಟ್ಟಿ ಮ್ಯಾಲ ಅಂದುಬಿಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾ ಕಂಪನಿಗೆ ಹೋಗಂಗಿಲ್ರಿ. ಶೇತಿ ಮಾಡ್ತೇನಿ," ಎಂದ. "ಕಾಗದದಾಗಿಂದು ತಪ್ಪೈತಿ. ನಮ್ಮಪ್ಪಗ ಏನೂ ಅನಬ್ಯಾಡ್ರಿ, ನನ್ನ ಚಿಂತಿ ಮಾಡಿ ಬರಸ್ಯಾರ."

ಮುಗಿಯಿತು ಎಂದುಕೊಂಡು ನಾನು ಟೋಪಿಗೆ ಕೈ ಹಾಕಿದೆ. ಆಗ ರುತುಜಾ ತಲೆ ಎತ್ತಿದಳು. "ಶೇತ್ಯಾಗ ಏನ್ ಮಾಡ್ತೀರಿ?"

ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನನ್ನ ಮಗ ಅವತ್ತು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಕಬ್ಬಿನ ಒಂದೊಂದೇ ಕಣ್ಣು ಕತ್ತರಿಸಿ ಟ್ರೇಯಲ್ಲಿ ಊರುವುದು, ತಿಂಗಳಲ್ಲಿ ಸಸಿ ಗೇಣುದ್ದ ಏಳುವುದು, ಅದರಿಂದ ಬೀಜದ ಕಬ್ಬು ಎಷ್ಟೋ ಉಳಿಯುವುದು, ಹನ್ನೊಂದು ಊರಿನವರು ಸಸಿಗಾಗಿ ಸರತಿ ಹಚ್ಚುವುದು, ಎಲ್ಲ ಹೇಳಿದ. ಮೊದಲ ವರ್ಷ ನೀರು ಹೆಚ್ಚಾಗಿ ಅರ್ಧದಷ್ಟು ಕೊಳೆತುಹೋದದ್ದನ್ನೂ ಮುಚ್ಚಿಡಲಿಲ್ಲ. ನನ್ನ ಎದೆ ಉಬ್ಬಿತು. ಇಂಥ ಮಗನನ್ನು ಕಾಗದದಲ್ಲಿ ಬಚ್ಚಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಮಲ್ಲಿನಾಥರು ಕೇದಾರನ ಹತ್ತಿರಕ್ಕೆ ಸರಿದು ಕೂತರು. "ನನ್ನ ಕೆಲಸದ ಬಗ್ಗೆ ಇಷ್ಟು ಹುರುಪಿಲೆ ನಾ ಒಂದ್ ದಿನಾನೂ ಮಾತಾಡಿಲ್ಲ," ಎಂದರು. ಮಗಳ ಮುಖ ನೋಡಿ, ಅವಳು ತಲೆಯಾಡಿಸಿದ ಮೇಲೆ ನನಗೆ ಹೇಳಿದರು: "ರವಿವಾರ ನಾವ ನಿಮ್ಮೂರಿಗೆ ಬರ್ತೇವ್ರಿ. ಸಸಿ ನೋಡೂಣು, ಮುಂದಿನ ಮಾತೂ ಆಡೂಣು."

ಹೊಸ್ತಿಲು ದಾಟುವಾಗ ರುತುಜಾ ಆ ಕಾಗದವನ್ನು ತಂದು ನನ್ನ ಕೈಗೆ ಕೊಟ್ಟಳು. "ತಿದ್ದಿ ಕೊಡ್ರಿ, ಮಾಮಾ." ಅವಳು ನಗುತ್ತಿದ್ದಳು.

ನೇಸರಿಯ ಬಸ್ಸು ತುಂಬಿತ್ತು. ನಾವು ಹೆಣ್ಣು ನೋಡಿ ಬರುವುದು ತಿಳಿದಿದ್ದ ನಮ್ಮೂರಿನ ಸಿದ್ರಾಮ ಹಿಂದಿನ ಸೀಟಿನಿಂದ ನನ್ನತ್ತ ಬಗ್ಗಿ ಕೇಳಿದ. "ಹುಡುಗನ ನೌಕರಿ ಏನಂತ ಹೇಳ್ದಿ, ಪರಪ್ಪಾ?"

"ಶೇತಿ ಮಾಡ್ತಾನ ನನ್ನ ಮಗ," ಎಂದೆ, ಮುಂದೆ ಕೂತಿದ್ದ ಡ್ರೈವರನಿಗೂ ಕೇಳಿಸುವಂತೆ.